ಹೀಟ್ ಪಂಪಿಗೆ ಯಾರ ಒಪ್ಪಿಗೆ ಬೇಕು?

ಇಂಗ್ಲೆಂಡಿನಲ್ಲಿ ಗ್ಯಾಸ್ ಬಾಯ್ಲರ್ ತೆಗೆದು ಹೀಟ್ ಪಂಪ್ ಹಾಕಿಸಲು ಹೊರಟ ನಮ್ಮವರು ಮೊದಲು ಕೇಳುವುದು, 'ಕೌನ್ಸಿಲ್ ಪರ್ಮಿಷನ್ ಬೇಕಾ?' ಅಂತ. ಊರಲ್ಲಿ ಕಚೇರಿ ಅಲೆದು ಬಂದವರಲ್ಲವೇ, ಭಯ ಸಹಜ. ಹೆಚ್ಚಿನ ಮನೆಗಳಿಗೆ ಅರ್ಜಿಯೇ ಬೇಡ. ಪಕ್ಕದವರ ಗಡಿಯಿಂದ ಒಂದು ಮೀಟರ್ ಬಿಡಬೇಕೆಂಬ ನಿಯಮವನ್ನೂ 2025ರ ಮೇನಲ್ಲಿ ಕೈಬಿಟ್ಟರು. ಪಾರಂಪರಿಕ ಕಟ್ಟಡ, ಲೀಸ್‌ಹೋಲ್ಡ್ ಫ್ಲ್ಯಾಟ್ ಆದರೆ ಕತೆ ಬೇರೆ.

ಆದರೆ ಅರ್ಜಿ ಇಲ್ಲದೆ ಹಾಕಿಸಬೇಕಾದರೆ ಎಂಸಿಎಸ್ (ಇಂಥ ಯಂತ್ರಗಳಿಗೂ ಅವನ್ನು ಕೂರಿಸುವವರಿಗೂ ಪ್ರಮಾಣಪತ್ರ ಕೊಡುವ ಯೋಜನೆ) ಮಾನದಂಡ ಪಾಲಿಸಲೇಬೇಕು. ಅದರಲ್ಲಿ ನನಗೆ ಮಜಾ ಅನ್ನಿಸಿದ್ದು ಸದ್ದಿನ ಲೆಕ್ಕ. ಯಾರೂ ಮೀಟರ್ ಹಿಡಿದು ಅಳೆಯುವುದಿಲ್ಲ, ಎಲ್ಲ ಕಾಗದದ ಮೇಲೇ. ಯಂತ್ರದ ಸದ್ದೆಷ್ಟು, ಪಕ್ಕದ ಮನೆ ಕಿಟಕಿ ಎಷ್ಟು ದೂರ, ಸುತ್ತ ಗೋಡೆಗಳೆಷ್ಟು. ಯಂತ್ರದ ಮೇಲಂಚಿನಿಂದ ನೋಡಿದರೆ ಆ ಕಿಟಕಿ ಕಾಣುತ್ತದೋ ಇಲ್ಲವೋ ಎಂಬುದೂ ಲೆಕ್ಕಕ್ಕೆ ಬರುತ್ತದೆ! ನಡುವಿನ ಗಟ್ಟಿ ಗೋಡೆ ಪೂರ್ತಿ ಮರೆ ಮಾಡಿದರೆ 10 ಡೆಸಿಬಲ್ ಕಳೆಯಬಹುದು.

ಸರ್ಕಾರದ 7,500 ಪೌಂಡ್ ಸಹಾಯಧನಕ್ಕೂ ಎಂಸಿಎಸ್ ಪ್ರಮಾಣಪತ್ರವಿರುವ ಇನ್‌ಸ್ಟಾಲರ್ರೇ ಆಗಬೇಕು. ಅರ್ಜಿ ಹಾಕುವುದು ಅವರು, ದುಡ್ಡು ಸೇರುವುದೂ ಅವರಿಗೇ. ನಿಮ್ಮ ಬಿಲ್ಲಿನಲ್ಲಿ ಅಷ್ಟು ಇಳಿಯುತ್ತದೆ. ಹಾಗಾಗಿ 'ಕಮ್ಮಿಗೆ ಮಾಡಿಕೊಡ್ತೀನಿ' ಅನ್ನುವ ಪರಿಚಯದ ಪ್ಲಂಬರ್, ಲೆಕ್ಕ ಹಾಕಿದರೆ ದುಬಾರಿಯೇ. ಸ್ಥಳೀಯ ವಿದ್ಯುತ್ ಜಾಲದ ಕಂಪನಿಗೆ ತಿಳಿಸುವ ಕೆಲಸವನ್ನೂ ಸಾಮಾನ್ಯವಾಗಿ ಇನ್‌ಸ್ಟಾಲರ್ರೇ ಮಾಡುತ್ತಾರೆ. ಕೊಟೇಶನ್ನಿನಲ್ಲಿ ಅದು ಬರೆದಿದೆಯಾ, ಸಹಿ ಹಾಕುವ ಮುಂಚೆ ನೋಡಿಕೊಳ್ಳಿ.