ನಲವತ್ತೆಂಟರಲ್ಲೊಂದು ಪಾಲು

ಬ್ರಿಟನ್ನಿನ ರಾಯಲ್ ಏರ್‌ಫೋರ್ಸಿನ ಒಂದು ಸ್ಕ್ವಾಡ್ರನ್ನಿನ ಲಾಂಛನದಲ್ಲಿ ನಮ್ಮ ಗಂಡಭೇರುಂಡವಿದೆ. ಆ ದಳದ ಪೂರ್ತಿ ಹೆಸರು 129 (ಮೈಸೂರು) ಸ್ಕ್ವಾಡ್ರನ್. 1941ರ ಜೂನ್‌ನಲ್ಲಿ ಯಾರ್ಕ್‌ಷೈರಿನ ಲೆಕನ್‌ಫೀಲ್ಡ್‌ನಲ್ಲಿ ಅದನ್ನು ಕಟ್ಟಿದರು. ಮೈಸೂರು ಸಂಸ್ಥಾನ ಯುದ್ಧಕ್ಕೆ ಕೊಟ್ಟ ಹಣದ ನೆನಪಿಗೆ ಆ ಹೆಸರು, ಆ ಹಕ್ಕಿ. ಇದು ಗೊತ್ತಾದ ದಿನವೇ ನನ್ನ ಮುಂದಿನ ಮಾಡೆಲ್ ಯಾವುದೆಂದು ತೀರ್ಮಾನವಾಯಿತು. ಆ ದಳ ಹಾರಿಸಿದ ಸ್ಪಿಟ್‌ಫೈರ್ ಮಾರ್ಕ್ ಫೈವ್ ಬಿ, ನಿಜದ ವಿಮಾನದ ನಲವತ್ತೆಂಟರಲ್ಲೊಂದು ಪಾಲು.

ಈ ಅಳತೆಯಲ್ಲಿ 11.23 ಮೀಟರಿನ ರೆಕ್ಕೆ 23 ಸೆಂಟಿಮೀಟರ್ ಚಿಲ್ಲರೆಗೆ ಇಳಿಯುತ್ತದೆ, ಹೆಚ್ಚುಕಡಿಮೆ ಒಂದು ಗೇಣು. ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಈ ಒಂದು ಗೇಣಿನ ಮೇಲೆ. ಕಿಟ್ಟಿನಲ್ಲಿ ರೆಕ್ಕೆಯ ಕೆಳಭಾಗ ಒಂದೇ ತುಂಡು, ಮೇಲ್ಭಾಗ ಎರಡು. ಇವು ಸೇರುವ ಹಿಂದಿನ ಅಂಚು ದಪ್ಪಗೆ ಉಳಿದರೆ ಸ್ಪಿಟ್‌ಫೈರ್ ಸ್ಪಿಟ್‌ಫೈರ್ ಆಗಿ ಕಾಣುವುದಿಲ್ಲ. ಒಳಮೈಯನ್ನು ಉಪ್ಪುಕಾಗದದಿಂದ ತಿಕ್ಕಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ತಿಕ್ಕಬೇಕು. ಆಮೇಲೆ ಅಂಟು. ನೀರಿನಷ್ಟು ತೆಳುವಾದ ಆ ಅಂಟು ಕುಂಚದ ತುದಿ ತಾಕಿದೊಡನೆ ಸಂದಿಯುದ್ದಕ್ಕೂ ತಾನೇ ಓಡಿ, ಎರಡು ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದಾಗಿಸುತ್ತದೆ.

ಹೀಗೆ ತಿಕ್ಕುತ್ತಿರುವಾಗಲೇ ಆ ರೆಕ್ಕೆ ಯಾಕೆ ಹಾಗಿದೆ ಎನ್ನುವುದು ಬೆರಳಿಗೆ ತಿಳಿಯುತ್ತದೆ. ವೇಗಕ್ಕಾಗಿ ರೆಕ್ಕೆ ಆದಷ್ಟು ತೆಳ್ಳಗಿರಬೇಕು. ಅದೇ ರೆಕ್ಕೆಯೊಳಗೆ ಮಡಚಿದ ಚಕ್ರಕ್ಕೆ, ಬಂದೂಕಿಗೆ, ಗುಂಡಿನ ಪೆಟ್ಟಿಗೆಗೆ ಜಾಗವೂ ಬೇಕು. ಅಂಡಾಕಾರದ ರೆಕ್ಕೆ ಬುಡದಿಂದ ಬಹುದೂರದವರೆಗೆ ಅಗಲವಾಗಿಯೇ ಹೋಗಿ ತುದಿಯಲ್ಲಷ್ಟೇ ಸಣ್ಣಗಾಗುವುದರಿಂದ ಎರಡೂ ಸಾಧ್ಯವಾಯಿತು. ನೋಡಿದವರೆಲ್ಲ ಅಂದವೆನ್ನುವ ಆಕಾರ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ಅದರ ಹಿಂದಿದ್ದ ವಿನ್ಯಾಸಕಾರ ಆರ್. ಜೆ. ಮಿಚೆಲ್ 1936ರ ಮಾರ್ಚ್ 5ರಂದು ಮೊದಲ ಮಾದರಿ ಹಾರಿದ್ದನ್ನು ಕಂಡರು. ಮರುವರ್ಷವೇ, 42ನೇ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು. ಕಾರ್ಖಾನೆಯಿಂದ ಸಾಲಾಗಿ ಹೊರಬಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸ್ಪಿಟ್‌ಫೈರ್‌ಗಳಲ್ಲಿ ಒಂದನ್ನೂ ಅವರು ನೋಡಲಿಲ್ಲ.

ಮಾಡೆಲ್ಲನ್ನು ಮಗುಚಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಬಲರೆಕ್ಕೆಯ ಅಡಿಯಲ್ಲಿ ಎಂಜಿನ್ ತಣಿಸುವ ರೇಡಿಯೇಟರಿನ ದೊಡ್ಡ ಪೆಟ್ಟಿಗೆ; ಎಡರೆಕ್ಕೆಯ ಅಡಿಯಲ್ಲಿ ಎಣ್ಣೆ ತಣಿಸುವ, ದುಂಡುಬಾಯಿಯ ಸಣ್ಣ ಕೊಳವೆ. ಎರಡೂ ಕಡೆ ಸಮಸಮವಾಗಿಲ್ಲ. ಮುಂದೆ ಬಂದ ಮಾರ್ಕ್ ನೈನ್‌ನಲ್ಲಿ ಈ ವ್ಯತ್ಯಾಸ ಹೋಯಿತು. ಮಾರ್ಕ್ ಫೈವ್‌ನ ಈ ಅಸಮತೆ ನನಗೆ ಬಲು ಇಷ್ಟ.

ಬಣ್ಣ ಆರಿಸಬೇಕಾದರೆ ಮೊದಲು ತಾರೀಖು ಆರಿಸಬೇಕು. ದಳ ಹುಟ್ಟಿದಾಗ ಬ್ರಿಟಿಷ್ ಫೈಟರ್‌ಗಳ ಮೈಮೇಲೆ ಹಸಿರು, ಮಣ್ಣುಕಂದು ಇತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಕಂದು ಹೋಗಿ ಕಡಲಬೂದು ಬಂತು. ಅಷ್ಟರಲ್ಲಿ ಕಾಳಗ ಇಂಗ್ಲೆಂಡಿನ ಹೊಲಗಳ ಮೇಲಿಂದ ಕಡಲು ದಾಟಿ ಫ್ರಾನ್ಸಿನ ಕಡೆಗೆ ಸರಿದಿತ್ತು. ಕಾಳಗ ನಡೆಯುವ ಕಡೆಗೆ ಒಪ್ಪುವ ಬಣ್ಣ ಬೇಕಾಗಿತ್ತು. ನಾನು ಆರಿಸಿದ್ದು 1942ರ ಆಗಸ್ಟ್ 19. ಅಂದು ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ಮಿತ್ರಪಡೆಗಳು ದಾಳಿಯಿಟ್ಟವು. ದಡಕ್ಕಿಳಿದವರಲ್ಲಿ ಹೆಚ್ಚಿನವರು ಕೆನಡಾದ ಹುಡುಗರು. ಅವರಲ್ಲಿ ಒಂಬೈನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರ ತಲೆಯ ಮೇಲೆ ಆಕಾಶ ಕಾಯಲು ಹೋದ ದಳಗಳಲ್ಲಿ ಮೈಸೂರಿನ ಹೆಸರಿನದೂ ಒಂದು.

ಸ್ಪಿಟ್‌ಫೈರ್ ಎಂದೊಡನೆ ಎಲ್ಲರ ಕಣ್ಣಿಗೆ ಬರುವುದು ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನರ ಮೇಲೆ ಸಿಕ್ಕ 1940ರ ಗೆಲುವು. ನನ್ನ ಮೇಜಿನ ಮೇಲಿರುವುದು ಅದಲ್ಲ. 1942ರಲ್ಲಿ ಜರ್ಮನರ ಬಳಿ ಫಾಕ್‌ವುಲ್ಫ್ 190 ಇತ್ತು. ತಿರುವಿನಲ್ಲೊಂದು ಬಿಟ್ಟರೆ ಮಿಕ್ಕೆಲ್ಲದರಲ್ಲೂ ಅದು ಮಾರ್ಕ್ ಫೈವನ್ನು ಮೀರಿಸುತ್ತಿತ್ತು. ತಮ್ಮದಕ್ಕಿಂತ ಮೇಲಾದ ಯಂತ್ರ ಎದುರಿಗಿದೆ ಎಂದು ಗೊತ್ತಿದ್ದೂ ದಿನವೂ ಕಡಲು ದಾಟಿದವರ ವಿಮಾನ ಇದು. ಹಾಗಾಗಿ ಕಾಕ್‌ಪಿಟ್ಟಿನ ಕೆಲಸಕ್ಕೆ ನಾನು ಆತುರಪಡಲಿಲ್ಲ. ಕಂದುಗೆಂಪಿನ ಕುರ್ಚಿ, ಬಳೆಯಂಥ ಹಿಡಿಯಿರುವ ಕಂಟ್ರೋಲ್ ಕೋಲು, ತಗಡಿನ ಹಾಳೆಯಲ್ಲಿ ಕತ್ತರಿಸಿದ ಬೆಲ್ಟುಗಳು. ಗಾಜಿನ ಮುಚ್ಚಳ ಕೂರಿಸಿದ ಮೇಲೆ ಅರ್ಧಕ್ಕರ್ಧ ಕಾಣುವುದಿಲ್ಲ. ಆದರೂ ಒಬ್ಬ ಕೂತಿದ್ದ ಜಾಗ ಅದು. ರೆಕ್ಕೆಯ ಬುಡದಲ್ಲಿ, ಎಡಗಡೆ, ಬಣ್ಣ ಕಿತ್ತು ಲೋಹ ಕಾಣುವಂತೆ ಬೆಳ್ಳಿಬಣ್ಣದ ಸಣ್ಣ ಚುಕ್ಕೆಗಳನ್ನಿಟ್ಟೆ. ಬೂಟುಗಾಲು ಹತ್ತಿ ಇಳಿಯುತ್ತಿದ್ದುದು ಅಲ್ಲೇ.

ಮೆಷಿನ್‌ಗನ್ನುಗಳ ಬಾಯಿಗೆ ಕೆಂಪು ಬಟ್ಟೆಯ ತೇಪೆ ಹಚ್ಚುತ್ತಿದ್ದರು, ಧೂಳು ತೇವ ಒಳಹೋಗದಂತೆ. ಮೊದಲ ಗುಂಡಿಗೇ ತೇಪೆ ಹರಿಯುತ್ತದೆ. ಹಾಗಾಗಿ ತೇಪೆ ಬರೆಯುವ ಮುನ್ನ ಈ ವಿಮಾನ ಹೊರಡುತ್ತಿದೆಯೋ ಮರಳಿದೆಯೋ ಎಂದು ತೀರ್ಮಾನಿಸಬೇಕು. ನನ್ನದು ಹೊರಡುತ್ತಿದೆ. ನಾಲ್ಕೂ ತೇಪೆಗಳು ಇಡಿಯಾಗಿವೆ.

ಡಿಕಾಲ್ ಹಚ್ಚುವ ದಿನ ಅಕ್ಕನ ಮಗಳು ಪಕ್ಕದಲ್ಲಿದ್ದಳು. ಬೆಚ್ಚನೆ ನೀರಿನಲ್ಲಿ ನೆನೆದ ಡಿ, ವಿ ಅಕ್ಷರಗಳನ್ನು ಚಿಮಟದಲ್ಲಿ ಹಿಡಿದು ಜಾರಿಸಿ ಕೂರಿಸಿದ್ದು ಅವಳೇ. ಮುಗಿದ ಮೇಲೆ ಕೇಳಿದಳು:

"ಮಾಮ, ಹಕ್ಕಿ ಎಲ್ಲಿ?"

"ವಿಮಾನದ ಮೇಲೆ ಇಲ್ಲ ಪುಟ್ಟಿ. ಅದು ದಳದ ಲಾಂಛನದಲ್ಲಿ ಮಾತ್ರ."

"ಬರೆದುಬಿಡೋಣ. ಚೆನ್ನಾಗಿ ಕಾಣತ್ತೆ."

ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಯುದ್ಧದ ನಡುವೆ ಆ ವಿಮಾನಗಳು ದಳದ ಗುರುತಾಗಿ ಹೊತ್ತದ್ದು ಈ ಎರಡು ಅಕ್ಷರಗಳನ್ನು. ಇದ್ದದ್ದನ್ನು ಇದ್ದಂತೆ ಮಾಡದಿದ್ದರೆ ಇಷ್ಟು ತಿಂಗಳು ತಿಕ್ಕಿದ್ದಕ್ಕೆ ಅರ್ಥವಿಲ್ಲ ಎಂದು ಹೇಳಿದೆ. ಅವಳು ಒಪ್ಪಿದಳು, ಮನಸ್ಸಿಲ್ಲದೆ.

ಹೇಳಬೇಕಾದ್ದು ಇನ್ನೂ ಇದೆ. ಅದನ್ನು ಅವಳು ದೊಡ್ಡವಳಾದ ಮೇಲೆ ಹೇಳುತ್ತೇನೆ. ಒಂದು ಸ್ಪಿಟ್‌ಫೈರಿಗೆಂದು ಆಗ ಕೇಳುತ್ತಿದ್ದ ದೇಣಿಗೆ 5,000 ಪೌಂಡ್. ರೂಪಾಯಿಗೆ ಒಂದೂವರೆ ಶಿಲ್ಲಿಂಗಿನ ಅಂದಿನ ದರದಲ್ಲಿ ಅರವತ್ತಾರು ಸಾವಿರ ರೂಪಾಯಿಗೂ ಹೆಚ್ಚು. ಸಂಸ್ಥಾನದ ಬೊಕ್ಕಸ ಎಂದರೆ ರೈತರು ಕಟ್ಟಿದ ಕಂದಾಯ, ಕೋಲಾರದ ಚಿನ್ನ. ಡಿಯೆಪ್ ದಾಳಿಗೆ ಹನ್ನೊಂದು ದಿನ ಮೊದಲು ಮುಂಬಯಿಯಲ್ಲಿ ಭಾರತ ಬಿಟ್ಟು ತೊಲಗಿ ನಿರ್ಣಯವಾಗಿತ್ತು. ಮುಂದಿನ ತಿಂಗಳು ಶಿವಮೊಗ್ಗ ಜಿಲ್ಲೆಯ ಈಸೂರು ತಾನು ಸ್ವತಂತ್ರವೆಂದು ಸಾರಿತು. ಅದೇ ಮೈಸೂರು ಸಂಸ್ಥಾನದ ಆಡಳಿತದಲ್ಲಿ, 1943ರ ಮಾರ್ಚ್‌ನಲ್ಲಿ, ಈಸೂರಿನ ಐವರನ್ನು ಗಲ್ಲಿಗೇರಿಸಿದರು. ಆ ಸಂಸ್ಥಾನದ ರಾಜಮುದ್ರೆಯಲ್ಲೂ ಗಂಡಭೇರುಂಡವೇ ಇತ್ತು.

ಹಿಟ್ಲರನನ್ನು ತಡೆದದ್ದು ಸರಿಯಾದ ಕೆಲಸ, ಅದರಲ್ಲಿ ನನಗೆ ಅನುಮಾನವಿಲ್ಲ. ಈಸೂರಿನ ಐವರಿಗೆ ಆದದ್ದು ಅನ್ಯಾಯ, ಅದರಲ್ಲೂ ಇಲ್ಲ. ಎರಡನ್ನೂ ಒಂದು ತಕ್ಕಡಿಗೆ ಹಾಕಿ ತೂಗಿ ಲೆಕ್ಕ ಚುಕ್ತಾ ಮಾಡುವ ಮನಸ್ಸು ನನಗಿಲ್ಲ. ಸ್ಪಿಟ್‌ಫೈರ್ ನಿಲ್ಲಿಸುವ ತೇಗದ ಹಲಗೆಗೆ ಹಿತ್ತಾಳೆಯ ಫಲಕವೊಂದನ್ನು ಬರೆಸುತ್ತಿದ್ದೇನೆ: ದಳದ ಹೆಸರು, ಡಿಯೆಪ್, ತಾರೀಖು. ಅದರ ಕೆಳಗೆ ಇನ್ನೊಂದು ಸಾಲು, ಈಸೂರು, 1942. ನೋಡಿದವರು ಯಾಕೆಂದು ಕೇಳಲಿ, ಹೇಳುತ್ತೇನೆ.

1944ರಲ್ಲಿ ಈ ದಳಕ್ಕೆ ಮಸ್ಟ್ಯಾಂಗ್ ವಿಮಾನ ಬಂತು. ಲಂಡನ್ನಿನ ಕಡೆಗೆ ಬರುತ್ತಿದ್ದ ವಿ-1 ಹಾರುವ ಬಾಂಬುಗಳನ್ನು ಅದರಲ್ಲಿ ಬೆನ್ನಟ್ಟಿ ಉರುಳಿಸಿದರು. ಅದರ ಕಿಟ್ ತಂದಿಟ್ಟಿದ್ದೇನೆ. ನಾರ್ಮಂಡಿ ದಾಳಿಗೆ ಮಿತ್ರಪಡೆಯ ವಿಮಾನಗಳಿಗೆ ಬಳಿದ ಕಪ್ಪುಬಿಳಿ ಪಟ್ಟಿಗಳ ಚಿತ್ರವನ್ನು ಅಕ್ಕನ ಮಗಳು ನೋಡಿದ್ದಾಳೆ. ಮಾಸ್ಕಿಂಗ್ ಟೇಪ್ ಕತ್ತರಿಸುವುದನ್ನು ಕಲಿಸು ಎಂದು ಬೆನ್ನು ಹತ್ತಿದ್ದಾಳೆ. ಈ ಭಾನುವಾರದಿಂದ ಶುರು.