ಮಾವನವರ ಕೊಪ್ಪೆ ಹುಡುಕುತ್ತ ನಾಲ್ಕು ಊರು

ಸಂಕ್ರಾಂತಿಗೆಂದು ಬೆಂಗಳೂರಿನಿಂದ ಬಂದ ಮಗಳು ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಇಳಿದಾಗ ಅವಳ ಮೈಮೇಲೊಂದು ವಿಚಿತ್ರ ಉಡುಪು. ತೋಳಿಲ್ಲ, ಗುಂಡಿಯಿಲ್ಲ. ಕಂಬಳಿಯೊಂದರ ನಡುವೆ ಸೀಳಿ ಅದರೊಳಗಿಂದ ತಲೆ ತೂರಿಸಿಕೊಂಡ ಹಾಗಿತ್ತು. "ಇದೇನ ಅವತಾರನ ತಾಯಿ?" ಅಂದೆ. "ಅಮ್ಮಾ, ಇದಕ್ಕ ಪಾಂಚೋ ಅಂತಾರ" ಅಂದಳು. ದಕ್ಷಿಣ ಅಮೆರಿಕದ ಪೆರು, ಬೊಲಿವಿಯಾ ದೇಶಗಳ ಆಂಡಿಸ್ ಪರ್ವತದ ಜನ ಕುರಿ ಮತ್ತು ಅಲ್ಪಾಕ ಎಂಬ ಪ್ರಾಣಿಯ ಉಣ್ಣೆಯಿಂದ ನೇಯ್ದು ಚಳಿಗೆ ಹೊದೆಯುತ್ತಾರಂತೆ. ಬೆಲೆ ಕೇಳಿ ನನ್ನ ಕೈಯಲ್ಲಿದ್ದ ಚೀಲ ಜಾರಿತು!

ನಮ್ಮವರು ಮಾತ್ರ ನಕ್ಕುಬಿಟ್ಟರು. "ನಮ್ಮಪ್ಪನ ಕೊಪ್ಪಿ ಕಂಡ್ರ ಇಕಿ ಏನಂತಾಳೋ!"

ಕೊಪ್ಪೆ ಎಂದರೆ ನಮ್ಮ ಕಡೆಯ ಓದುಗರಿಗೆ ಹೇಳಬೇಕಿಲ್ಲ. ದೂರದವರಿಗಾಗಿ ಹೇಳುತ್ತೇನೆ. ಕರಿ ಕಂಬಳಿಯ ಅಗಲದ ಅಂಚನ್ನು ಎರಡಾಗಿ ಮಡಚಿ, ಆ ಮೂಲೆಯನ್ನು ದಬ್ಬಳದಿಂದ ನಾಲ್ಕು ಹೊಲಿಗೆ ಹಾಕಿ ಕೂಡಿಸಿದರೆ ಕೊಪ್ಪೆ. ದಬ್ಬಳ ಇಲ್ಲದಿದ್ದರೆ ಒಂದು ಜಾಲಿಮುಳ್ಳು ಚುಚ್ಚಿದರೂ ಆಯಿತು. ಮೂಲೆ ತಲೆಯ ಮೇಲೆ ಕೂಡುತ್ತದೆ, ಉಳಿದದ್ದು ಬೆನ್ನ ಮೇಲಿಂದ ಮೊಣಕಾಲಿನವರೆಗೆ ಇಳಿಯುತ್ತದೆ. ಎರಡೂ ಕೈ ಕೆಲಸಕ್ಕೆ ಬಿಡುವು. ಮಳೆ ನಿಂತರೆ ಮುಳ್ಳು ಕಿತ್ತು ಹಾಸಿಕೊಂಡು ಮಲಗಬಹುದು. ಸೀಳಿದ ಪಾಂಚೋ ಹೀಗೆ ಹಾಸಿಗೆಯಾದೀತೇ?

ಮಾವನವರ ಕಂಬಳಿ ಎರಡು ಪಟ್ಟೆಗಳನ್ನು ನಡುವೆ ಕೂಡಿಸಿ ಹೊಲಿದದ್ದು. ಅಂಚಿಗೆ ಬಿಳಿ ಉಣ್ಣೆಯ ಗೆರೆ. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿಟ್ಟಿದ್ದೆವು. ತೆಗೆದು ತೋರಿಸಿದೆ, ಮಗಳು ಮೈತುಂಬ ಹೊದ್ದು ಕನ್ನಡಿ ಮುಂದೆ ನಿಂತಳು. "ಇದನ್ನ ನನಗ ಕೊಡ್ತೀಯಾ?" ಅಂದಳು. ಕೊಡೋಣ, ಆದರೆ ಹಳೆಯ ವಾಸನೆ. ತೊಳೆದು ಕೊಡೋಣವೆಂದು, ಯಾರನ್ನೂ ಕೇಳದೆ, ಬಿಸಿನೀರು, ಸೋಪಿನ ಪುಡಿ ಹಾಕಿ ಮಷೀನಿನಲ್ಲಿ ತಿರುಗಿಸಿದೆ.

ಹೊರಗೆ ಬಂದದ್ದು ಕಂಬಳಿಯಲ್ಲ, ಕಾಲೊರೆಸುವ ಗೋಣಿತಾಟು. ಅರ್ಧಕ್ಕರ್ಧ ಕುಗ್ಗಿ, ರೊಟ್ಟಿಯ ಹಂಚಿನಂತೆ ಸೆಟೆದು ನಿಂತಿತ್ತು. ಮಗಳು ಏನೂ ಅನ್ನಲಿಲ್ಲ. ನಮ್ಮವರೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿಯಿತ್ತು.

ಅದಕ್ಕೇ ಬಿಳಿಜೋಳ ತೆನೆಗಟ್ಟಿ ನಿಂತ ಕಾಲದಲ್ಲಿ, ಅಂಥದ್ದೇ ಇನ್ನೊಂದು ಕಂಬಳಿ ತಂದೇ ತರುತ್ತೇನೆಂದು ಹೊರಟೆ. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲವಲ್ಲ, ಆಧಾರ್ ಕಾರ್ಡು ಸೆರಗಿಗೆ ಕಟ್ಟಿಕೊಂಡರೆ ಯಾರನ್ನೂ ಕೇಳಬೇಕಿಲ್ಲ.

ತಾಳಿಕೋಟಿಯವರೆಗೆ ಕುಳಿತುಕೊಳ್ಳಲು ಸೀಟೇ ಸಿಗಲಿಲ್ಲ, ಆದ್ದರಿಂದ ನೋಡಿದ್ದೂ ಕಡಿಮೆ. ಅಲ್ಲಿಂದ ಮುಂದೆ ಡೋಣಿ ಸೀಮೆಯ ಎರೆಹೊಲ, ಕಣ್ಣು ಹಾಯುವವರೆಗೆ ಜೋಳ. ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸುವಾಗ ಚಹದ ಅಂಗಡಿ ಮುಂದೆ ಕೋಲು ಹಿಡಿದ ಕುರಿಗಾರನೊಬ್ಬ ನಿಂತಿದ್ದ. ಮೈಮೇಲೆ ಜರ್ಕಿನ್ನು. "ಕಂಬಳಿ ಎಲ್ಲೈತಪ್ಪಾ?" ಅಂತ ಕೇಳಿಯೇಬಿಟ್ಟೆ.

"ದೇವರ ಜಗಲಿ ಮ್ಯಾಲ ಐತ್ರಿ ಅಕ್ಕಾ. ಪೂಜಾಕ್ಕ ಬೇಕಲ್ರೀ. ಮಳಿಗೆ ಪ್ಲಾಸ್ಟಿಕ್ ಹಾಳಿ, ಚಳಿಗೆ ಇದು."

ಹಾಲುಮತದವರ ಮನೆಯಲ್ಲಿ ಶುಭಕಾರ್ಯಕ್ಕೆ ಕಂಬಳಿ ಗದ್ದುಗೆ ಹಾಸಲೇಬೇಕು. ಮೈಯಿಂದ ಇಳಿದ ಕಂಬಳಿ ಗದ್ದುಗೆಯ ಮೇಲೆ ಉಳಿದುಕೊಂಡಿದೆ, ಅಷ್ಟಾದರೂ ಸಮಾಧಾನ. ಉಣ್ಣೆಯೇನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಅವನೆಂದದ್ದು ಮಾತ್ರ ಈಗಲೂ ಕಿವಿಯಲ್ಲಿದೆ. "ಕತ್ತರಿಸಿದ ಕೂಲಿನೂ ಹುಟ್ಟಂಗಿಲ್ಲ. ಬೇಲಿಗೆ ಒಗೀತೀವ್ರಿ."

ದಖ್ಖನಿ ಕುರಿಯೆಂದರೆ ಕರಿಯ ಒರಟು ಉಣ್ಣೆಯ ಕುರಿ, ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಈಗ ಹಿಂಡುಗಳಲ್ಲಿ ಜತ್ತ ತಾಲೂಕಿನ ಮಾಡಗ್ಯಾಳ ತಳಿಯೂ ಸೇರಿಕೊಂಡಿದೆ. ಎತ್ತರದ ಮೈ, ಗಿಣಿಮೂಗು, ಮಾಂಸಕ್ಕೆ ಒಳ್ಳೆ ಬೆಲೆ. ಆದರೆ ಅದರ ಮೈಮೇಲೆ ಕಂಬಳಿಗಾಗುವ ಉಣ್ಣೆಯೇ ಇಲ್ಲ, ಬರೀ ಕೂದಲು. ಕುರಿಗಾರನಾದರೂ ಏನು ಮಾಡಿಯಾನು, ಹೊಟ್ಟೆ ತುಂಬಬೇಕಲ್ಲ.

ಸಿಂದಗಿಯಲ್ಲಿ ನನ್ನ ಕಾಕಾನ ಮಗಳ ಮೊಮ್ಮಗಳಿಗೆ ತೊಟ್ಟಿಲ ಕಾರ್ಯ. ಅಲ್ಲಿ ಕಂಬಳಿ ಸಿಗಲಿಲ್ಲ, ಅದರ ತಂಗಿಯೊಬ್ಬಳು ಸಿಕ್ಕಳು. ಅವಳೇ ಕುಂಚಿಗೆ! ನಮ್ಮ ಉತ್ತರ ಕರ್ನಾಟಕದಲ್ಲಿ ತವರಿನವರು ಕೂಸಿಗೆ ತೊಟ್ಟಿಲು, ಕೌದಿಯ ಜೊತೆ ತರುವ ಟೊಪ್ಪಿಗೆಯುಳ್ಳ ಮೇಲುಹೊದಿಕೆ. ಯೋಚಿಸಿ ನೋಡಿ, ಇದೂ ಕೊಪ್ಪೆಯೇ. ಕುರಿಗಾರನದು ಕರಿ ಉಣ್ಣೆಯದು, ಕೂಸಿನದು ಗುಳೇದಗುಡ್ಡದ ಖಣದ್ದು. (1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಗುಳೇದಗುಡ್ಡವೂ ನಮ್ಮ ಜಿಲ್ಲೆಯದೇ ಆಗಿತ್ತು. ಖಣದ ಮೇಲಿನ ನಮ್ಮ ಹಕ್ಕು ಬಿಡಲು ನಾವಿನ್ನೂ ತಯಾರಿಲ್ಲ!)

ಅಲ್ಲಿಯ ಅಜ್ಜಿ ಹೇಳಿಕೊಟ್ಟ ಅಳತೆ ಬರೆದುಕೊಂಡು ಬಂದಿದ್ದೇನೆ. ಮೂರು ತಿಂಗಳ ಕೂಸಿಗೆ 16 ಇಂಚು ಉದ್ದ, 7 ಇಂಚು ಅಗಲದ ಖಣದ ತುಂಡು, ಜೊತೆಗೆ ಹೊಲಿಗೆಗೆ ಅರ್ಧರ್ಧ ಇಂಚು. ಉದ್ದವನ್ನು ಮಡಚಿ 8 ಇಂಚಾಗಿಸಿ. ಮಡಿಕೆ ನೆತ್ತಿಗೆ ಬರಬೇಕು. ಹಿಂಬದಿಯ 8 ಇಂಚನ್ನು ಕೂಡಿಸಿ ಹೊಲಿದರೆ ಟೊಪ್ಪಿಗೆ ಆಯಿತು, ಕೆಳಗೆ ಕುತ್ತಿಗೆಯ ಸುತ್ತು 14 ಇಂಚು ಉಳಿಯುತ್ತದೆ. 28 ಇಂಚು ಅಗಲ, 16 ಇಂಚು ಉದ್ದದ ಇನ್ನೊಂದು ಬಟ್ಟೆಗೆ ನೆರಿಗೆ ಹಿಡಿದು ಅದಕ್ಕೆ ಜೋಡಿಸಿ. ಖಣದ ಅಗಲ ಸಾಲದಿದ್ದರೆ ಎರಡು ತುಂಡು ಕೂಡಿಸಬಹುದು. ಒಳಗೆ ಹಳೆಯ ಮೆತ್ತನೆಯ ಧೋತರದ ಅಸ್ತರು ಇರಲಿ, ಜರಿ ಕೂಸಿನ ಕೆನ್ನೆಗೆ ಚುಚ್ಚಬಾರದು. ಟಿಕಳಿ, ಮಣಿ, ಗೊಂಡೆ ಎಲ್ಲ ಬೆನ್ನಿನ ಕಡೆಗೇ ಇರಲಿ, ಮುಂದೆ ಹಚ್ಚಿದರೆ ನೇರ ಬಾಯಿಗೆ ಹೋಗುತ್ತದೆ. ಕುತ್ತಿಗೆಗೆ ಕಸಿ ಕಟ್ಟುವ ಉಡುಪಾದ್ದರಿಂದ ಕೂಸು ಮಲಗಿದಾಗ ಮಾತ್ರ ತಪ್ಪದೆ ಬಿಚ್ಚಿಬಿಡಿ.

ಇಂಡಿ ನನ್ನ ತವರು. ನಿಂಬೆಹಣ್ಣಿನ ಊರು. ಅಣ್ಣನ ಮನೆಯ ಮಂಚಗಳ ಮೇಲೆಲ್ಲ ಸೊಲ್ಲಾಪುರದ ಚಾದರ, ಅಟ್ಟದಲ್ಲಿ ಹುಡುಕಿದರೂ ಕಂಬಳಿಯ ತುಂಡಿಲ್ಲ. "ದೀಪಾವಳಿಗೆ ಹುಲಜಂತಿಗೆ ಬಂದಿದ್ರ ಬೇಕಾದಷ್ಟು ನೋಡ್ತಿದ್ದಿ" ಅಂದ ಅಣ್ಣ. ಗಡಿಯಾಚೆ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ಮಾಳಿಂಗರಾಯನ ಜಾತ್ರೆ. ಪಲ್ಲಕ್ಕಿಗಳು ಭೆಟ್ಟಿಯಾಗುವಾಗ ಭಂಡಾರ ಹಾರಿ ಹೆಗಲ ಮೇಲಿನ ಕರಿ ಕಂಬಳಿಯೆಲ್ಲ ಅರಿಷಿಣವಾಗುತ್ತದೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ನನಗೆಲ್ಲಿ?

ಊರ ಹೊರಗಿನ ಹಳ್ಳಿಯೊಂದರಲ್ಲಿ ಹಳೆಯ ನೇಕಾರರೊಬ್ಬರ ಮನೆಗೆ ಕರೆದೊಯ್ದ. ಮಗ್ಗದ ಕುಣಿಗೆ ಗಿಲಾವು ಹಾಕಿ ಅದರ ಮೇಲೆ ಫ್ರಿಜ್ ಇಟ್ಟಿದ್ದರು. ಆ ಹಿರಿಯರು ಮಾತ್ರ ಕೈಯಾಡಿಸಿ ಎಲ್ಲವನ್ನೂ ವಿವರಿಸಿದರು. ಬಿಲ್ಲಿನಿಂದ ಉಣ್ಣೆ ಹಿಂಜುವುದು, ಹುಣಸೆಬೀಜ ಹುರಿದು ನೆನೆಸಿ ಅರೆದು ಗಂಜಿ ಕಾಯಿಸುವುದು, ಹಾಸಿನ ನೂಲಿಗೆ ಕುಂಚದಿಂದ ಅದನ್ನು ತೀಡುವುದು. ಹಾಸು ಗಟ್ಟಿಯಾಗುವುದು ಆ ಗಂಜಿಯಿಂದಲೇ. ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿರುವುದೂ ಅದರಿಂದಲೇ, ಹೊದೆಯುತ್ತ ಹೊದೆಯುತ್ತ ಮೆತ್ತಗಾಗುತ್ತದೆ.

"ನೇಯೋರು ಇನ್ನೂ ಸಿಗ್ತಾರವ್ವಾ, ನನ್ನ ಅಳಿಯನ ನೇಯ್ತಾನ. ನೂಲೋರ ಸಿಗಂಗಿಲ್ಲ. ನೂಲು ನಮ್ಮ ಹೆಣಮಕ್ಕಳ ಕೆಲಸಿತ್ತು. ಅದಕ್ಕ ಯಾರೂ ಕೂಲಿ ಕೊಡ್ತಿದ್ದಿಲ್ಲ, ಲೆಕ್ಕಾನೂ ಇಡ್ತಿದ್ದಿಲ್ಲ."

ನಾನು ಸುಮ್ಮನೆ ಕುಳಿತೆ. ಮಗ್ಗ ನಿಂತಿತು ಎಂದು ಎಲ್ಲರೂ ಹೇಳುತ್ತಾರೆ, ರಾಟಿ ನಿಂತದ್ದು ಅದಕ್ಕೂ ಮೊದಲೇ. ಅಡಿಗೆ, ದನ, ಕೂಸುಗಳ ನಡುವೆ ಸಿಕ್ಕ ಹೊತ್ತಿನಲ್ಲೆಲ್ಲ ನೂತು ಗಂಡನ ಮಗ್ಗಕ್ಕೆ ಒದಗಿಸಿದ ಹೆಂಗಸು ಹೊಲದ ಕೂಲಿಗೆ ಹೋದಳು. ಅಲ್ಲಿ ಸಂಜೆಗೆ ರೊಕ್ಕ ಕೈಗೆ ಬರುತ್ತದೆ. ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ.

ನೂಲುವ ಮುದುಕಿಯೊಬ್ಬಳು ಬಸವನ ಬಾಗೇವಾಡಿ ಕಡೆ ಇದ್ದಾಳೆಂದು ಅವರೇ ಗುರುತು ಹೇಳಿದರು. ವಿಜಯಪುರದಲ್ಲಿ ಬಸ್ಸು ಬದಲಿಸಿ ಬಾಗೇವಾಡಿಗೆ ಬಂದು, ಬಸವಣ್ಣನ ಗುಡಿಯಲ್ಲಿ ಕೈಮುಗಿದು ಆಟೋ ಹಿಡಿದೆ. ಆಲಮಟ್ಟಿಯ ನೀರು ಬಂದ ಕಡೆ ಕಬ್ಬು ನಿಂತಿದೆ. ಕುರಿ ಮೇಯುತ್ತಿದ್ದ ಬೀಳುಭೂಮಿ ಅಷ್ಟು ಕಡಿಮೆ.

ಮುದುಕಿ ನನ್ನ ಚೀಲದಲ್ಲಿದ್ದ ಕುಗ್ಗಿದ ಕಂಬಳಿ ನೋಡಿ ಮೊದಲು ಹಣೆ ಬಡಿದುಕೊಂಡಳು, ಆಮೇಲೆ ನಕ್ಕಳು. "ಕುದಿಯೋ ನೀರಾಗ ಕುರೀನರ ಹಾಕ್ತಿಯೇನವಾ?" ಉಣ್ಣೆಯ ಎಳೆಗೆ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ಬಿಸಿ, ಸೋಪು, ತಿಕ್ಕಾಟ ಮೂರೂ ಸೇರಿದರೆ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಕುಗ್ಗುತ್ತವೆ, ಮತ್ತೆ ಬಿಡಿಸಲಾಗದು. ಕಂಬಳಿಯನ್ನು ಪದೇ ಪದೇ ಒಗೆಯುವುದೇ ಬೇಡ, ಬಿಸಿಲಿಗೆ ಹಾಕಿ ಕೊಡವಿದರೆ ಸಾಕು. ತೀರ ಕೊಳೆಯಾದರೆ ತಣ್ಣೀರಿನಲ್ಲಿ ಅಂಟವಾಳದ ನೊರೆ ಮಾಡಿ ಅದ್ದಿ, ಕೈಯಿಂದ ಒತ್ತಿ, ಹಿಂಡದೆ, ನೆರಳಿನಲ್ಲಿ ಚಾಪೆಯ ಮೇಲೆ ಹರಡಿ. ತೂಗುಹಾಕಿದರೆ ನೀರಿನ ಭಾರಕ್ಕೆ ಜೋತುಬೀಳುತ್ತದೆ. ಸೋಡಾ ಪುಡಿ ತೋರಿಸಲೂಬಾರದು. ಟ್ರಂಕಿನಲ್ಲಿಡುವ ಮೊದಲು ಪೂರ್ತಿ ಒಣಗಿಸಿ, ನುಸಿ ಬರದಂತೆ ಒಣಗಿದ ಬೇವಿನ ಎಲೆ ಇಟ್ಟು, ಆಗಾಗ ತೆಗೆದು ಬಿಸಿಲು ಕಾಣಿಸಿ. ಕೊಳ್ಳುವಾಗ ಅನುಮಾನವಿದ್ದರೆ ಒಂದೆಳೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ, ನೈಲಾನಾದರೆ ಕರಗಿ ಗಟ್ಟಿ ಗುಂಡಾಗುತ್ತದೆ.

"ಉಣ್ಣಿ ನೀ ತಾ, ನಾ ನೂತು ಕೊಡ್ತೀನಿ. ಅವಸರ ಮಾಡಬ್ಯಾಡ, ಕಣ್ಣು ಕಾಣಂಗಿಲ್ಲ" ಅಂದಳು. ಕೂಲಿಯೆಷ್ಟು ಎಂದರೆ ಹೇಳಲೊಲ್ಲಳು. ಎಂದೂ ಯಾರೂ ಕೇಳಿರಲಿಲ್ಲವಂತೆ. ಕೊನೆಗೆ ಹೊಲದ ದಿನಗೂಲಿ ಎಷ್ಟಿದೆಯೋ ಅಷ್ಟು, ನೂತ ಪ್ರತಿ ದಿನಕ್ಕೂ, ಎಂದು ನಾನೇ ನಿಶ್ಚಯಿಸಿ ಮುಂಗಡ ಕೊಟ್ಟು ಬಂದೆ. ಲೆಕ್ಕ ಕೇಳಿ ಮಗಳು, "ನನ್ನ ಪಾಂಚೋಗಿಂತ ತುಟ್ಟಿ ಆಗ್ತದಲ್ಲಮ್ಮಾ!" ಅಂದಳು. ಆಗಲಿ ಬಿಡು ಅಂದೆ.

ಕುಗ್ಗಿದ ಕಂಬಳಿಯನ್ನು ಮುದುಕಿಯೇ ಇಟ್ಟುಕೊಂಡಳು, ಕುದುರೆಯಂಥ ಮೊಮ್ಮಗನಿಗೆ ಕೂಡ್ರಲು ಬೆಚ್ಚಗಿರುತ್ತದೆಯಂತೆ. ದೇವರ ಹಿಪ್ಪರಗಿಯ ಆ ಕುರಿಗಾರನ ಫೋನ್ ನಂಬರನ್ನು ಚಹದ ಅಂಗಡಿಯವನಿಂದ ಪಡೆದು, ಬೇಲಿಗೆ ಒಗೆಯಬೇಡ, ನಾನು ಬರುತ್ತೇನೆ ಎಂದು ಹೇಳಿದ್ದೇನೆ. ಸೋಮವಾರ ಎರಡು ಖಾಲಿ ಗೋಣಿಚೀಲ ಹಿಡಿದು ಹೊರಡಬೇಕು.