ಪುಕ್ಕಟೆ ಸಿನಿಮಾಕ್ಕೆ ಮಾವ ಬಂದದ್ದು

ಮುಂಬಯಿಯಲ್ಲಿ ಪುಕ್ಕಟೆಯಾಗಿ ಸಿಗುವ ವಸ್ತುಗಳ ಪಟ್ಟಿ ಮಾಡಹೊರಟರೆ ಒಂದು ಕೈಯ ಬೆರಳುಗಳೇ ಹೆಚ್ಚಾಗುತ್ತವೆ. ಸಮುದ್ರದ ಗಾಳಿ, ಲೋಕಲ್ ರೈಲಿನ ನೂಕುನುಗ್ಗಲು, ಮಳೆಗಾಲದಲ್ಲಿ ಮೊಣಕಾಲುದ್ದ ನೀರು. ಈ ಪಟ್ಟಿಗೆ ನಾನು ಇನ್ನೊಂದನ್ನು ಸೇರಿಸುತ್ತೇನೆ: ಪರದೇಶದ ಒಳ್ಳೆಯ ಸಿನಿಮಾಗಳು. ಜರ್ಮನರ ಗ್ಯೋಥೆ ಸಂಸ್ಥೆಗೆ ನಮ್ಮ ದೇಶದಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎಂದು ಹೆಸರು. ಮುಂಬಯಿಯಲ್ಲಿ ಅದು ಕಾಲಾಘೋಡಾದಲ್ಲಿದೆ, ನಿಮ್ಮ ಬೆಂಗಳೂರಿನಲ್ಲಿ ಇಂದಿರಾನಗರದಲ್ಲಿದೆ. ಇಂಥ ಸಂಸ್ಥೆಗಳೂ ಫಿಲ್ಮ್ ಸೊಸೈಟಿಗಳೂ ಆಗಾಗ ಒಬ್ಬ ನಿರ್ದೇಶಕನ ಚಿತ್ರಗಳನ್ನೆಲ್ಲ ಸಾಲಾಗಿ ತೋರಿಸುವುದುಂಟು. ಟಿಕೆಟ್ ಇಲ್ಲ, ಪಾಸ್ ಇಲ್ಲ. ಮೊದಲು ಬಂದವರಿಗೆ ಕುರ್ಚಿ, ತಡವಾದವರಿಗೆ ಗೋಡೆ.

2008ರ ಮಳೆಗಾಲದಲ್ಲಿ ಫೋರ್ಟ್ ಕಡೆಯ ಒಂದು ಸಣ್ಣ ಸಭಾಂಗಣದಲ್ಲಿ ಹೀಗೆಯೇ ಒಂದು ವಾರ ರೈನರ್ ವೆರ್ನರ್ ಫಾಸ್‌ಬಿಂಡರ್‌ನ ಚಿತ್ರಗಳನ್ನು ತೋರಿಸಿದರು. ನನ್ನ ಬ್ಯಾಂಕು ಅಲ್ಲಿಂದ ಹತ್ತು ನಿಮಿಷದ ನಡಿಗೆ. ಸಂಜೆಯ ರೈಲಿನ ರಶ್ಶು ಇಳಿಯುವ ತನಕ ಎಲ್ಲಾದರೂ ಕೂರಬೇಕಲ್ಲ, ಅದಕ್ಕೆ ಹೋದೆ ಎಂದು ಹೇಳಿದರೆ ಸಿನಿಮಾ ಪಂಡಿತರು ಬೇಜಾರು ಮಾಡಿಕೊಳ್ಳಬಾರದು.

ಫಾಸ್‌ಬಿಂಡರ್ ಯಾರು ಅಂತ ಕೇಳುವವರಿಗೆ ಎರಡು ಮಾತು. ಹುಟ್ಟಿದ್ದು 1945ರಲ್ಲಿ, ಹಿಟ್ಲರನ ಯುದ್ಧ ಯುರೋಪಿನಲ್ಲಿ ಮುಗಿದ ತಿಂಗಳಲ್ಲೇ. ಸತ್ತದ್ದು 1982ರಲ್ಲಿ, ಬರೀ 37ನೆಯ ವಯಸ್ಸಿಗೆ. 1969ರಲ್ಲಿ ಮೊದಲ ದೊಡ್ಡ ಚಿತ್ರ ಮಾಡಿದವನು ಹದಿಮೂರು ವರ್ಷಗಳಲ್ಲಿ ಸುಮಾರು ನಲವತ್ತು ಚಿತ್ರ ಮುಗಿಸಿದ. ನಡುವೆ ನಾಟಕ ಬರೆದ, ನಟನೆ ಮಾಡಿದ, ಟೆಲಿವಿಷನ್ನಿಗೆ ಹದಿನೈದು ಗಂಟೆಯ 'ಬರ್ಲಿನ್ ಅಲೆಕ್ಸಾಂಡರ್‌ಪ್ಲಾಟ್ಸ್' ಮಾಡಿದ. ಹೆರ್ಝೋಗ್, ವೆಂಡರ್ಸ್ ಇವರ ಜೊತೆ ಜರ್ಮನಿಯ ಹೊಸ ಸಿನಿಮಾ ಎಂದರೆ ಇವನ ಹೆಸರು ಬಂದೇ ಬರುತ್ತದೆ.

ಮೂರನೆಯ ದಿನ ನನ್ನ ಜೊತೆ ಮಾವ ಬಂದರು. ಮಾವ ಎಂದರೆ ನನ್ನ ಅಮ್ಮನ ಅಣ್ಣ. ಉಡುಪಿ ಕಡೆಯ ಹಳ್ಳಿಯಿಂದ 1961ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ಬೊಂಬಾಯಿಗೆ ಬಂದವರು. ಮೊದಲು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ, ಆಮೇಲೆ ಸಪ್ಲಯರ್, ಕೊನೆಗೆ ಗಲ್ಲಾದಲ್ಲಿ ಕೂತು ನಿವೃತ್ತಿ. ರಾತ್ರಿ ಶಾಲೆಯಲ್ಲಿ ಏಳನೇ ಕ್ಲಾಸು ಪಾಸು ಮಾಡಿದ್ದು ಅವರ ದೊಡ್ಡ ಹೆಮ್ಮೆ. ಆ ದಿನ ಪೆನ್ಷನ್ನಿನ ಯಾವುದೋ ಕಾಗದಕ್ಕೆ ಫೋರ್ಟಿಗೆ ಬಂದಿದ್ದರು. ಜೋರು ಮಳೆ.

"ಎಂತ ಸಿನಿಮಾ ಮಾರಾಯ್ತಿ?"

"ಜರ್ಮನ್ ಸಿನಿಮಾ ಮಾವ. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಬರ್ತದೆ."

"ಟಿಕೆಟಿಗೆ ಎಷ್ಟು?"

"ಪುಕ್ಕಟೆ."

"ಏಸಿ ಉಂಟಾ?"

ಏಸಿ ಇತ್ತು. ಮಾವ ಬಂದರು.

ಅವತ್ತಿನ ಚಿತ್ರ 1974ರದ್ದು. ಇಂಗ್ಲಿಷಿನಲ್ಲಿ 'ಅಲಿ: ಫಿಯರ್ ಈಟ್ಸ್ ದ ಸೋಲ್' ಎಂದು ಹೆಸರು. ಕಥೆ ಮ್ಯೂನಿಕ್ ನಗರದ್ದು. ಎಮ್ಮಿ ಎಂಬ ಅರವತ್ತು ದಾಟಿದ ವಿಧವೆ, ಆಫೀಸುಗಳನ್ನು ಗುಡಿಸಿ ಒರೆಸುವವಳು, ಮಳೆ ಬಂತೆಂದು ಒಂದು ಬಾರಿನೊಳಗೆ ಹೋಗುತ್ತಾಳೆ. ಅದು ಅರಬ್ ಕೆಲಸಗಾರರು ಸೇರುವ ಜಾಗ. ಎಲ್ಲರೂ ಅವಳನ್ನೇ ನೋಡುತ್ತಾರೆ. ತಮಾಷೆಗೆಂದು ಯಾರೋ ಚಿತಾಯಿಸಿ, ಮೊರೊಕ್ಕೊದಿಂದ ಬಂದ ಅಲಿ ಅವಳನ್ನು ಡ್ಯಾನ್ಸಿಗೆ ಕರೆಯುತ್ತಾನೆ. ಅವಳಿಗಿಂತ ಎಷ್ಟೋ ಚಿಕ್ಕವನು. ಮನೆ ತನಕ ಬಿಡಲು ಬಂದವನನ್ನು ಕಾಫಿಗೆ ಕರೆಯುತ್ತಾಳೆ. ತಾನು ಇನ್ನೂ ಐವರ ಜೊತೆ ಒಂದೇ ಕೋಣೆಯಲ್ಲಿ ಇರುವುದಾಗಿ ಅವನು ಹೇಳುತ್ತಾನೆ. ನಾನು ಮಾವನ ಕಿವಿಯಲ್ಲಿ ಅದನ್ನು ಅನುವಾದ ಮಾಡಿದೆ.

"ಆರೇ ಜನವಾ?" ಎಂದರು ಮಾವ. "ನಾವು ಹನ್ನೊಂದು ಇದ್ದೆವು."

ಯುದ್ಧದ ನಂತರ ಪಶ್ಚಿಮ ಜರ್ಮನಿಯ ಕಾರ್ಖಾನೆಗಳಿಗೆ ಕೈಗಳು ಸಾಲದೆ ಹೋದಾಗ ಸರ್ಕಾರ ಬೇರೆ ಬೇರೆ ದೇಶಗಳ ಜೊತೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ತರಿಸಿತು. 1955ರಲ್ಲಿ ಇಟಲಿಯಿಂದ ಶುರು, 1961ರಲ್ಲಿ ಟರ್ಕಿ, 1963ರಲ್ಲಿ ಮೊರೊಕ್ಕೊ, 1968ರಲ್ಲಿ ಯುಗೊಸ್ಲಾವಿಯ. ಅವರನ್ನು ಕರೆಯುತ್ತಿದ್ದ ಹೆಸರು 'ಗಾಸ್ಟ್‌ಆರ್ಬೈಟರ್', ಅಂದರೆ ಅತಿಥಿ ಕಾರ್ಮಿಕ. ಎಷ್ಟು ಮರ್ಯಾದೆಯ ಹೆಸರು ನೋಡಿ! ಅತಿಥಿಗೆ ಕುಡಿಯಲು ನೀರು ಕೊಡುತ್ತೇವೆ, ಊಟ ಹಾಕುತ್ತೇವೆ, ಆಮೇಲೆ ಗಡಿಯಾರ ನೋಡುತ್ತೇವೆ. 1973ರ ನವೆಂಬರಿನಲ್ಲಿ ಹೀಗೆ ತರಿಸುವುದನ್ನು ಜರ್ಮನಿ ನಿಲ್ಲಿಸಿತು. ಫಾಸ್‌ಬಿಂಡರ್ ಈ ಚಿತ್ರವನ್ನು ಎರಡು ವಾರಗಳಷ್ಟು ಸಮಯದಲ್ಲಿ ಚಿತ್ರೀಕರಿಸಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಅದಕ್ಕೂ ಒಂದು ವರ್ಷದ ಹಿಂದೆ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಇಸ್ರೇಲಿ ಆಟಗಾರರ ಹತ್ಯೆ ನಡೆದಿತ್ತು. ಆ ಊರಿನಲ್ಲಿ ಅರಬನ ಮುಖ ಹೊತ್ತು ತಿರುಗುವುದು ಸುಲಭವಿರಲಿಲ್ಲ.

ಎಮ್ಮಿ ಮತ್ತು ಅಲಿ ಮದುವೆಯಾಗುತ್ತಾರೆ. ಸುದ್ದಿ ಕೇಳಿದ ಮಗ ಎದ್ದು ಹೋಗಿ ಅಮ್ಮನ ಟೀವಿಯನ್ನು ಒದ್ದು ಒಡೆಯುತ್ತಾನೆ. ಕಿರಾಣಿ ಅಂಗಡಿಯವನು ಅಲಿಯ ಮಾತು ಅರ್ಥವೇ ಆಗಲಿಲ್ಲ ಎಂದು ನಟಿಸಿ ಸಾಮಾನು ಕೊಡುವುದಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಹೆಂಗಸರು ಮಧ್ಯಾಹ್ನ ಆಫೀಸಿನ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚುವಾಗ ಎಮ್ಮಿಯಿಂದ ದೂರ ಸರಿದು ಕೂರುತ್ತಾರೆ. ಮೆಟ್ಟಿಲಿನ ಕಂಬಿಗಳ ಸಂದಿಯಿಂದ ಕ್ಯಾಮೆರಾ ಅವಳನ್ನು ನೋಡುತ್ತದೆ, ಜೈಲಿನಲ್ಲಿ ಕೂತ ಹಾಗೆ ಕಾಣುತ್ತಾಳೆ.

ಕಿರಾಣಿ ಅಂಗಡಿಯ ದೃಶ್ಯಕ್ಕೆ ಮಾವ ಕಿಸಕ್ಕನೆ ನಕ್ಕರು. ಯಾಕೆಂದು ನನಗೆ ಗೊತ್ತಿತ್ತು. ಮಾವನ ಹಿಂದಿ ನಮ್ಮ ಮನೆಯ ಸ್ಥಿರ ಮನರಂಜನೆ. ಹಿಂದಿಯಲ್ಲಿ ಗಾಡಿ ಹೆಣ್ಣು, ರೋಟಿ ಹೆಣ್ಣು, ನೀರು ಗಂಡು. ಮಾವನ ಬಾಯಲ್ಲಿ ಎಲ್ಲವೂ ಗಂಡೇ. "ಗಾಡಿ ಆಯಾ, ರೋಟಿ ಆಯಾ, ಬೀವಿ ಭೀ ಆಯಾ." ಅಲಿಯ ಜರ್ಮನ್ ಕೂಡ ಅದೇ ಜಾತಿಯದು. ಕ್ರಿಯಾಪದಗಳಿಗೆ ಬಾಲವೇ ಇಲ್ಲ. ಚಿತ್ರದ ಜರ್ಮನ್ ಹೆಸರು 'ಆಂಗ್ಸ್ಟ್ ಎಸ್ಸನ್ ಝೀಲ ಔಫ್' ಎಂಬುದೇ ವ್ಯಾಕರಣ ತಪ್ಪಿದ ವಾಕ್ಯ, ಅಲಿ ಆಡುವ ಮಾತು. 'ಹೆದರಿಕೆ ಜೀವ ತಿಂದು ಹಾಕು' ಎಂದ ಹಾಗೆ. ಇಂಗ್ಲಿಷಿನವರು ಹೆಸರನ್ನು ಅನುವಾದಿಸುವಾಗ ವ್ಯಾಕರಣವನ್ನು ತಿದ್ದಿಬಿಟ್ಟರು. ಪರವೂರಿನಲ್ಲಿ ಬದುಕಿದವರಿಗೆ ಮಾತ್ರ ಆ ತಪ್ಪಿನ ಬೆಲೆ ಗೊತ್ತು. ಇಷ್ಟು ವರ್ಷವಾದರೂ ಭಾಷೆ ಬರಲಿಲ್ಲವೇ ಎಂದು ಕೇಳುವವರು ಇದ್ದಾರೆ. ದಿನಕ್ಕೆ ಹದಿನಾಲ್ಕು ಗಂಟೆ ಕೆಲಸ ಮಾಡುವವನಿಗೆ ಭಾಷೆ ಕಲಿಸುವವರು ಯಾರು ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು ವಿಷಯ. ಅಲಿಯ ಹೆಸರು ಅಲಿ ಅಲ್ಲ. ಅವನದು ಉದ್ದದ ಅರಬ್ಬಿ ಹೆಸರು. ಜರ್ಮನರಿಗೆ ಅದೆಲ್ಲ ಬೇಡ, ಕರಿ ಕೂದಲಿನವರೆಲ್ಲ ಅಲಿಗಳು. ಮಾವ ನಲವತ್ತು ವರ್ಷ 'ಅಣ್ಣಾ' ಆಗಿದ್ದರು. ಗಿರಾಕಿಗಳಿಗೆ ಅಣ್ಣಾ, ಪೊಲೀಸರಿಗೆ ಅಣ್ಣಾ, ಪಕ್ಕದ ಪಾನ್‌ವಾಲಾನಿಗೆ ಅಣ್ಣಾ. 1960ರ ದಶಕದ ಕೊನೆಗೆ ದಕ್ಷಿಣದವರನ್ನು ಊರು ಬಿಡಿಸಬೇಕೆಂಬ ಗಲಾಟೆ ಎದ್ದಾಗ, ಲುಂಗಿ ಉಟ್ಟವರನ್ನು ಗೇಲಿ ಮಾಡುವ ಘೋಷಣೆಗಳು ಬೀದಿಯಲ್ಲಿ ಕೇಳುತ್ತಿದ್ದಾಗ, ಮಾವ ಕೆಲಸ ಮಾಡುತ್ತಿದ್ದ ಹೋಟೆಲಿನ ಗಾಜಿಗೂ ಕಲ್ಲು ಬಿದ್ದಿತ್ತಂತೆ. ಅಮ್ಮ ಹೇಳಿ ಗೊತ್ತು. ಮಾವನ ಬಾಯಿಂದ ಆ ಕಥೆಯನ್ನು ನಾನು ಕೇಳಿರಲಿಲ್ಲ.

ಚಿತ್ರದ ಎರಡನೇ ಅರ್ಧ ಶುರುವಾಗುವಾಗ ದಂಪತಿ ರಜೆಯಲ್ಲಿ ಊರು ಸುತ್ತಿ ವಾಪಸು ಬಂದಿರುತ್ತಾರೆ. ಈಗ ಎಲ್ಲರೂ ಒಳ್ಳೆಯವರಾಗಿದ್ದಾರೆ. ಅಂಗಡಿಯವನಿಗೆ ಗಿರಾಕಿ ಬೇಕು, ಮಗನಿಗೆ ಮಗುವನ್ನು ನೋಡಿಕೊಳ್ಳಲು ಅಮ್ಮ ಬೇಕು, ನೆರೆಮನೆಯವಳಿಗೆ ಭಾರದ ಸಾಮಾನು ಎತ್ತಲು ಅಲಿಯ ತೋಳು ಬೇಕು. ಜಗಳದ ಚಿತ್ರ ಇಲ್ಲಿಗೆ ಮುಗಿಯಬೇಕಿತ್ತು. ಫಾಸ್‌ಬಿಂಡರ್ ಬಿಡುವುದಿಲ್ಲ. ಆಫೀಸಿಗೆ ಹೊಸ ಕೆಲಸದವಳು ಬರುತ್ತಾಳೆ, ಯುಗೊಸ್ಲಾವಿಯದವಳು, ಹೆಸರು ಯೊಲಾಂಡ. ಅವಳಿಗೆ ಸಂಬಳ ಇವರಿಗಿಂತ ಕಡಿಮೆ. ಮಧ್ಯಾಹ್ನ ಹೆಂಗಸರೆಲ್ಲ ಒಟ್ಟಾಗಿ ಸಂಬಳ ಹೆಚ್ಚಿಸಿಕೊಳ್ಳುವ ಮಾತಾಡುತ್ತಾರೆ. ಯೊಲಾಂಡ ಒಬ್ಬಳೇ ದೂರದಲ್ಲಿ, ಅದೇ ಮೆಟ್ಟಿಲು, ಅದೇ ಕಂಬಿ. ಈ ಸಲ ಎಮ್ಮಿ ಗುಂಪಿನೊಳಗಿದ್ದಾಳೆ.

ನಾನು ಅನುವಾದ ಮಾಡಲು ಬಾಗಿದೆ. ಮಾವ ಕೈ ಎತ್ತಿ ತಡೆದರು. "ಬೇಡ, ಗೊತ್ತಾಯ್ತು."

ಅಲಿಗೆ ತನ್ನ ಊರಿನ ಕುಸ್‌ಕುಸ್ ತಿನ್ನುವ ಆಸೆ. ಅದು ಗೋಧಿಯ ಸಣ್ಣ ಕಾಳಿನ ಹಾಗಿರುವ, ಹಬೆಯಲ್ಲಿ ಬೇಯಿಸುವ ಅಡುಗೆ. ಎಮ್ಮಿ, ನನಗದು ಸೇರುವುದಿಲ್ಲ, ನೀನು ಇಲ್ಲಿಯ ಊಟ ರೂಢಿ ಮಾಡಿಕೊಳ್ಳಬೇಕು ಎನ್ನುತ್ತಾಳೆ. ಕೆಟ್ಟವಳಲ್ಲ ಎಮ್ಮಿ. ಅವಳ ಮೊದಲ ಗಂಡನೂ ಪೋಲೆಂಡಿನಿಂದ ಬಂದ ಕೆಲಸಗಾರನೇ. ಆದರೂ ಹೇಳುತ್ತಾಳೆ. ಅವನು ಕುಸ್‌ಕುಸ್ ಮಾಡಿಕೊಡುವ ಬಾರಿನ ಹೆಂಗಸಿನ ಮನೆಗೆ ಹೋಗುತ್ತಾನೆ. ಕೊನೆಯಲ್ಲಿ ಎಮ್ಮಿ ಬಾರಿಗೆ ಬರುತ್ತಾಳೆ, ಇಬ್ಬರೂ ಮತ್ತೆ ಕುಣಿಯುತ್ತಾರೆ, ಅಲಿ ಹೊಟ್ಟೆ ಹಿಡಿದು ನೆಲಕ್ಕೆ ಬೀಳುತ್ತಾನೆ. ಆಸ್ಪತ್ರೆಯ ಡಾಕ್ಟರು ಹೇಳುವುದು: ಹೊಟ್ಟೆಹುಣ್ಣು ಒಡೆದಿದೆ, ಹೊರದೇಶದ ಕೆಲಸಗಾರರಲ್ಲಿ ಇದು ಸಾಮಾನ್ಯ, ಆಪರೇಷನ್ ಮಾಡಿದರೂ ಆರು ತಿಂಗಳಲ್ಲಿ ಮತ್ತೆ ಬರುತ್ತಾನೆ.

ಮಾವ ಈ ಸಲ ನಿಜವಾಗಿಯೂ ಗಟ್ಟಿಯಾಗಿ ನಕ್ಕರು. ಮುಂದಿನ ಸಾಲಿನ ಗಡ್ಡದ ಹುಡುಗರು ತಿರುಗಿ ನೋಡಿದರು.

ಹೊರಗೆ ಬಂದ ಮೇಲೆ ಗೊತ್ತಾಯಿತು. 1971ರಲ್ಲಿ ಮಾವನಿಗೆ ಹೊಟ್ಟೆಹುಣ್ಣಿನ ಆಪರೇಷನ್ ಆಗಿತ್ತು. ಊರಲ್ಲಿ ಎಲ್ಲರೂ ನಂಬಿದ್ದು ಹೋಟೆಲಿನ ಚಾ ಜಾಸ್ತಿ ಕುಡಿದು ಆಯ್ತು ಅಂತ. "ಚಾ ಅಲ್ಲ ಮಾರಾಯ್ತಿ," ಎಂದರು ಮಾವ. "ಎರಡು ವರ್ಷ ರಾತ್ರಿ ನಿದ್ರೆ ಇರಲಿಲ್ಲ. ಶಟರ್ ಬಡಿದ ಶಬ್ದ ಆದ್ರೆ ಎದ್ದು ಕೂತ್ಕೊಳ್ಳುದು. ಅಮ್ಮನಿಗೆ ಬರೆಯುದು ಹೇಗೆ? ದುಡ್ಡು ಕಳಿಸ್ತಾ ಇದ್ದೆ, ಸಾಕಲ್ಲ." ಆಮೇಲೆ ಕೇಳಿದರು: "ಅವ ಬದುಕಿದನಾ?"

ಚಿತ್ರದಲ್ಲಿ ಅದು ಹೇಳುವುದಿಲ್ಲ, ಎಮ್ಮಿ ಪಕ್ಕದಲ್ಲಿ ಕೂತಿರುತ್ತಾಳೆ ಅಷ್ಟೇ ಎಂದೆ. ಪಾತ್ರ ಮಾಡಿದ ಎಲ್ ಹೆದಿ ಬೆನ್ ಸಲೇಮ್ 1977ರಲ್ಲಿ ಫ್ರಾನ್ಸಿನ ಒಂದು ಜೈಲಿನಲ್ಲಿ ಸತ್ತನೆಂದು ನಾನು ಓದಿದ್ದೆ. ಹೇಳಲಿಲ್ಲ.

ಮಳೆ ನಿಲ್ಲದ್ದರಿಂದ ಹತ್ತಿರದ ನಮ್ಮವರ ಹೋಟೆಲಿಗೆ ನುಗ್ಗಿದೆವು. ಆ ವರ್ಷದ ಫೆಬ್ರವರಿಯಲ್ಲಿ ಉತ್ತರದಿಂದ ಬಂದ ಟ್ಯಾಕ್ಸಿಯವರನ್ನು ಬೀದಿಯಲ್ಲಿ ಹೊಡೆದ ಸುದ್ದಿ ಪೇಪರಿನ ತುಂಬ ಇತ್ತು. ಅವತ್ತಿನಿಂದ ಎಷ್ಟೋ ಕನ್ನಡಿಗರ ಬಾಯಲ್ಲೂ ಕೇಳಿದ್ದೆ, 'ಈ ಭಯ್ಯಾಗಳು ಜಾಸ್ತಿಯಾಗಿದ್ದಾರೆ' ಅಂತ. ನೀರು ತಂದಿಟ್ಟ ಹುಡುಗ ಬಿಹಾರದವನು, ಹದಿನೆಂಟು ಇರಬಹುದು. ಗಲ್ಲಾದಿಂದ ಅವನನ್ನು "ಏ ಛೋಟು" ಎಂದು ಕೂಗಿದರು.

"ನಾಮ್ ಕ್ಯಾ ಹೈ ತುಮ್ಹಾರಾ?" ಎಂದರು ಮಾವ.

"ಛೋಟು."

"ವೋ ನಹೀಂ. ಮಾ ರಖಾ ವೋ ನಾಮ್."

ವ್ಯಾಕರಣ ಎಂದಿನಂತೆ ತಪ್ಪಿತ್ತು, ಹುಡುಗನಿಗೆ ಅರ್ಥವಾಯಿತು. ಹೆಸರು ಹೇಳಿದ, ಅಪ್ಪನ ಹೆಸರು ಸೇರಿಸಿ, ಹಳ್ಳಿ ಸೇರಿಸಿ. ಮಾವ ಅದನ್ನು ಒಮ್ಮೆ ಬಾಯಲ್ಲಿ ಹೇಳಿ ನೋಡಿ, ಎರಡು ಇಡ್ಲಿ ತರಲು ಹೇಳಿದರು.

ಮಾರನೆಯ ದಿನ ಮಾವ ಮತ್ತೆ ಬಂದರು. 'ಎಫಿ ಬ್ರೀಸ್ಟ್' ಇತ್ತು, ಕಪ್ಪುಬಿಳುಪು, ಬಹಳ ನಿಧಾನ. ಹತ್ತು ನಿಮಿಷಕ್ಕೆ ಗೊರಕೆ. ಅದಕ್ಕೂ ದುಡ್ಡು ಕೊಟ್ಟಿರಲಿಲ್ಲವಾದ್ದರಿಂದ ಯಾರಿಗೂ ನಷ್ಟವಾಗಲಿಲ್ಲ.

ಆಮೇಲೆ ಓದಿ ತಿಳಿದ ಒಂದು ಸಂಗತಿ. ಫಾಸ್‌ಬಿಂಡರ್‌ಗೆ ಈ ಕಥೆಯ ದಾರಿ ತೋರಿಸಿದ್ದು ಡಗ್ಲಸ್ ಸರ್ಕ್ ಎಂಬ ಹಾಲಿವುಡ್ ನಿರ್ದೇಶಕನ 1955ರ ಚಿತ್ರ. ಸರ್ಕ್ ಮೂಲತಃ ಹ್ಯಾಂಬರ್ಗಿನವನು, 1937ರಲ್ಲಿ ನಾಜಿಗಳ ಜರ್ಮನಿ ಬಿಟ್ಟು ಹೋಗಿ ಅಮೆರಿಕದಲ್ಲಿ ಹೆಸರನ್ನೇ ಬದಲಾಯಿಸಿಕೊಂಡವನು. ಊರು ಬಿಟ್ಟವನೊಬ್ಬ ಮಾಡಿದ ಚಿತ್ರ ಹೀಗೆ ಸುತ್ತಿ ಬಳಸಿ, ಊರು ಬಿಟ್ಟ ಇನ್ನೊಬ್ಬನ ಕಥೆಯಾಗಿ ಜರ್ಮನಿಗೇ ಮರಳಿತು.

ಊರಿಗೆ ಬಂದಾಗಲೆಲ್ಲ ನೀವು ನಮ್ಮನ್ನು ಕಾಳಜಿಯಿಂದ ಕೇಳುತ್ತೀರಿ: ಅಲ್ಲಿಯವರು ಚೆನ್ನಾಗಿ ನೋಡಿಕೊಳ್ಳುತ್ತಾರಾ, ತೊಂದರೆ ಕೊಡುವುದಿಲ್ಲವಾ? ಕೇಳುವಾಗ ನಿಮ್ಮ ಮನೆಯ ಎದುರು ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಒಡಿಶಾದ ಹುಡುಗರು ಇಟ್ಟಿಗೆ ಹೊರುತ್ತಿರುತ್ತಾರೆ. ಗೇಟಿನಲ್ಲಿ ಅಸ್ಸಾಮಿನ ಸೆಕ್ಯುರಿಟಿಯವನು ಕನ್ನಡದಲ್ಲಿ ನಮಸ್ಕಾರ ಹೇಳಲು ಹೋಗಿ ತಪ್ಪಿರುತ್ತಾನೆ. ಅವರಿಗೆ ಕನ್ನಡ ಬರಬೇಕು, ನನಗೂ ಅದೇ ಆಸೆ. ಮಾವನಿಗೆ ಮರಾಠಿ ಬರಬೇಕಿತ್ತು, ಅದೂ ಸರಿ. ಅದನ್ನು ಕಲಿಯುವ ತನಕ ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ಮೆಟ್ಟಿಲ ಮೇಲೆ ಸ್ವಲ್ಪ ಸರಿದು ಜಾಗ ಕೊಡುವವರು ಯಾರಾದರೂ ಇರಬೇಕಷ್ಟೆ. ಫಾಸ್‌ಬಿಂಡರ್‌ನ ಈ ಚಿತ್ರ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಪುಕ್ಕಟೆ ಬಂದರೆ ಹೋಗಿ ನೋಡಿ. ಇಂಗ್ಲಿಷ್ ಅಕ್ಷರ ಓದಲು ಬಾರದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.